ಮಗಳು ಮನಃಶಾಸ್ತ್ರ ಓದುತ್ತೇನೆಂದಾಗ

(ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರಿಗಾಗಿ ಏರ್ಪಡಿಸಿದ್ದ ಶೈಕ್ಷಣಿಕ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪಿಯುಸಿ ಫಲಿತಾಂಶ ಹೊರಬಿದ್ದ ವಾರ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಎಲ್ಲರಿಗೂ ಗೊತ್ತಿರುವಂಥದ್ದೇ. ಅಂಕ ಚೆನ್ನಾಗಿದ್ದರೆ ವೈದ್ಯಕೀಯ ಅಥವಾ ಇಂಜಿನಿಯರಿಂಗ್, ಸಾಧಾರಣವಾಗಿದ್ದರೆ ಬಿಕಾಂ ಅಥವಾ ಬಿಸಿಎ, ಹುಡುಗಿಯಾದರೆ ಡಿಗ್ರಿಯ ನಂತರ ಬಿಎಡ್ ಇಲ್ಲವೇ ಮದುವೆ. ಈ ಪಟ್ಟಿಯಲ್ಲಿಲ್ಲದ ಹೆಸರೊಂದು ಮಕ್ಕಳ ಬಾಯಿಂದ ಬಂದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಾಗೆ ಮತ್ತೆ ಮತ್ತೆ ಕೇಳಿಬರುತ್ತಿರುವ ಹೆಸರು ಮನಃಶಾಸ್ತ್ರ. ವಿಶೇಷವಾಗಿ ನಮ್ಮ ಹೆಣ್ಮಕ್ಕಳು ಇದನ್ನು ಓದಬೇಕೆಂದು ಬಯಸುತ್ತಿದ್ದಾರೆ.

ಅದಕ್ಕೆ ಮನೆಯವರ ಉತ್ತರಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. “ಹುಚ್ಚರ ಡಾಕ್ಟರ್ ಆಗಲಿಕ್ಕಾ ಇಷ್ಟು ಓದಿಸಿದ್ದು?” ಎಂದು ತಂದೆ ಕೇಳುತ್ತಾರೆ. “ಅದನ್ನು ಓದಿದವಳಿಗೆ ಗಂಡು ಸಿಗುವುದುಂಟಾ?” ಎಂದು ತಾಯಿ ಆತಂಕ ಪಡುತ್ತಾರೆ. “ಅದೆಲ್ಲಾ ದೇವನನ್ನು ನಿರಾಕರಿಸಿದವರ ವಿದ್ಯೆ, ಈಮಾನ್ ಹೋಗುತ್ತದೆ” ಎಂದು ಹಿರಿಯರೊಬ್ಬರು ಎಚ್ಚರಿಸುತ್ತಾರೆ. ಈ ಮೂರೂ ಮಾತುಗಳ ಹಿಂದೆ ಮಕ್ಕಳ ಮೇಲಿನ ಪ್ರೀತಿಯಿದೆ. ಆದ್ದರಿಂದ ಇವುಗಳನ್ನು ಗೇಲಿ ಮಾಡುವುದು ನಮ್ಮ ಉದ್ದೇಶವಲ್ಲ. ಒಂದೊಂದನ್ನೂ ಗಂಭೀರವಾಗಿ ಪರಿಗಣಿಸಿ ಉತ್ತರಿಸಬೇಕಾಗಿದೆ.

ಮೊದಲಿಗೆ, ಈ ವಿದ್ಯೆಯೆಂದರೇನು ಎಂಬುದನ್ನು ತಿಳಿಯೋಣ. ಮನುಷ್ಯ ಹೇಗೆ ಕಲಿಯುತ್ತಾನೆ, ಹೇಗೆ ಮರೆಯುತ್ತಾನೆ, ಏಕೆ ಸಿಟ್ಟಾಗುತ್ತಾನೆ, ಗುಂಪಿನಲ್ಲಿದ್ದಾಗ ಏಕೆ ಬೇರೆಯೇ ಆಗಿಬಿಡುತ್ತಾನೆ, ಮಗು ಹೇಗೆ ಬೆಳೆಯುತ್ತದೆ, ಮುಪ್ಪಿನಲ್ಲಿ ನೆನಪು ಏಕೆ ಕೈಕೊಡುತ್ತದೆ ಎಂಬುದನ್ನು ಪ್ರಯೋಗ ಮತ್ತು ಅಂಕಿಅಂಶಗಳ ಮೂಲಕ ಅಧ್ಯಯನ ಮಾಡುವ ಶಾಸ್ತ್ರವಿದು. 1879ರಲ್ಲಿ ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅದರ ಪ್ರಯೋಗಾಲಯವನ್ನು ತೆರೆದರು. ಭಾರತದಲ್ಲಿ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯ ಇದರ ವಿಭಾಗವನ್ನು ಆರಂಭಿಸಿತು. ನಮ್ಮ ಮೈಸೂರೂ ಹಿಂದೆ ಬೀಳಲಿಲ್ಲ. 1924ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಸ್ಥಾಪನೆಯಾಯಿತು. ಅದನ್ನು ಕಟ್ಟಿದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನೂ ಆರಂಭಿಸಿದರು. ಅಂದರೆ ಕನ್ನಡ ನಾಡಿಗೆ ಈ ವಿದ್ಯೆ ಬಂದು ನೂರು ವರ್ಷ ದಾಟಿದೆ. ನಮ್ಮ ಮನೆಗಳಿಗೆ ಮಾತ್ರ ಇನ್ನೂ ಹೊಸದು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ, ಬಳಿಕ ಮನೋವೈದ್ಯಶಾಸ್ತ್ರದಲ್ಲಿ ಎಂಡಿ ಮಾಡಿದ ವೈದ್ಯರು. ಔಷಧಿ ಬರೆಯುವವರು ಅವರು. ಮನಃಶಾಸ್ತ್ರಜ್ಞರು ಔಷಧಿ ಬರೆಯುವುದಿಲ್ಲ. ಮಾತುಕತೆ, ಪರೀಕ್ಷೆ ಮತ್ತು ತರಬೇತಿಯ ಮೂಲಕ ಚಿಕಿತ್ಸೆ ನೀಡುತ್ತಾರೆ. ಕಲಿಕೆಯಲ್ಲಿ ಹಿಂದುಳಿದ ಮಗುವಿನ ನಿಜವಾದ ತೊಂದರೆಯನ್ನು ಪತ್ತೆ ಹಚ್ಚುವುದು, ಮಾದಕ ವ್ಯಸನಿಗೆ ಚಟ ಬಿಡಲು ನೆರವಾಗುವುದು, ದಂಪತಿಗಳ ನಡುವೆ ಮಾತು ಮರುಕಳಿಸುವಂತೆ ಮಾಡುವುದು, ಖಿನ್ನತೆಗೆ ಸಿಲುಕಿದವರನ್ನು ಹಂತಹಂತವಾಗಿ ಮೇಲೆತ್ತುವುದು ಇವೆಲ್ಲ ಅವರ ಕೆಲಸ. ‘ಹುಚ್ಚರ ಡಾಕ್ಟರ್’ ಎಂಬ ಹೀಯಾಳಿಕೆ ಈ ಇಬ್ಬರಿಗೂ ಮಾಡುವ ಅನ್ಯಾಯ. ಅದಕ್ಕಿಂತ ಹೆಚ್ಚಾಗಿ ರೋಗಿಗಳಿಗೆ ಮಾಡುವ ಅನ್ಯಾಯ.

ಇನ್ನು ಈಮಾನಿನ ಪ್ರಶ್ನೆ. ಮನಸ್ಸಿನ ಕಾಯಿಲೆಯನ್ನು ಕಾಯಿಲೆಯೆಂದೇ ಗುರುತಿಸಿದ ಪರಂಪರೆ ನಮ್ಮದೇ ಎಂಬುದನ್ನು ಇಂದಿನ ಮುಸ್ಲಿಮ್ ಸಮುದಾಯ ಮರೆತಿದೆ. ಕ್ರಿ.ಶ. 850ರಿಂದ 934ರ ತನಕ ಬದುಕಿದ್ದ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಆತ್ಮ ಎರಡರ ಆರೋಗ್ಯದ ಕುರಿತೂ ಒಂದೇ ಗ್ರಂಥದಲ್ಲಿ ಬರೆದರು. ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ಆಲೋಚನೆಗಳನ್ನು ಅವರು ಬೇರೆಬೇರೆಯಾಗಿ ವಿಂಗಡಿಸಿದರು. ಕಾರಣ ಗೊತ್ತಿರುವ ದುಃಖ ಬೇರೆ, ಯಾವ ಕಾರಣವೂ ತೋರದೆ ದೇಹದೊಳಗಿನಿಂದಲೇ ಎದ್ದುಬರುವ ದುಃಖ ಬೇರೆ ಎಂದರು. ದೇಹಕ್ಕಾಗಿ ಮನೆಯಲ್ಲಿ ಮದ್ದು ಸಂಗ್ರಹಿಸಿಡುವಂತೆ, ಮನಸ್ಸು ನೆಮ್ಮದಿಯಾಗಿರುವಾಗಲೇ ಒಳ್ಳೆಯ ಆಲೋಚನೆಗಳನ್ನು ಸಂಗ್ರಹಿಸಿಟ್ಟುಕೊಂಡು ಸಂಕಟದ ವೇಳೆ ಬಳಸಬೇಕು ಎಂಬುದು ಅವರ ಸಲಹೆಯಾಗಿತ್ತು. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದ ಆಲೋಚನಾ ಚಿಕಿತ್ಸೆಯನ್ನು ಬಲ್ಲವರಿಗೆ ಈ ಮಾತು ಹೊಸದೆನಿಸದು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಪ್ರತ್ಯೇಕ ವಿಭಾಗವಿತ್ತು. 1488ರಲ್ಲಿ ಪೂರ್ಣಗೊಂಡ ತುರ್ಕಿಯ ಎದಿರ್ನೆಯ ಆಸ್ಪತ್ರೆಯಲ್ಲಿ ಸಂಗೀತ ಮತ್ತು ನೀರಿನ ಸದ್ದನ್ನು ರೋಗಿಗಳ ಸಾಂತ್ವನಕ್ಕೆ ಬಳಸುತ್ತಿದ್ದರು. ಆ ಕಟ್ಟಡ ಈಗ ವಸ್ತು ಸಂಗ್ರಹಾಲಯ.

ದುಃಖಿಸುವುದು ಈಮಾನಿನ ಕೊರತೆ ಎಂಬ ತಪ್ಪು ಕಲ್ಪನೆಯೂ ನಮ್ಮಲ್ಲಿ ವ್ಯಾಪಕವಾಗಿದೆ. ಮಗನ ಅಗಲಿಕೆಯ ದುಃಖದಿಂದ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದ ಸಂಗತಿಯನ್ನು ಪವಿತ್ರ ಕುರ್‌ಆನ್‌ನ ಯೂಸುಫ್ ಅಧ್ಯಾಯ ತಿಳಿಸುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ಪತ್ನಿ ಖದೀಜಾ(ರ) ಮತ್ತು ಚಿಕ್ಕಪ್ಪ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಪ್ರವಾದಿ ಮುಹಮ್ಮದ್(ಸ)ರ ಚರಿತ್ರೆಯಲ್ಲಿ ‘ಶೋಕದ ವರ್ಷ’ ಎಂದೇ ಕರೆಯಲಾಗಿದೆ. ಚಿಂತೆ ಮತ್ತು ದುಃಖದಿಂದ ಪ್ರವಾದಿವರ್ಯರು(ಸ) ಅಲ್ಲಾಹನ ರಕ್ಷಣೆಯನ್ನು ಬೇಡುತ್ತಿದ್ದರು. ಕಾಯಿಲೆ ಬಂದಾಗ ಚಿಕಿತ್ಸೆ ಪಡೆಯಬೇಕೆಂದೂ ಕಲಿಸಿದರು. ಹೊಟ್ಟೆನೋವಿಗೆ ಚಿಕಿತ್ಸೆ ತವಕ್ಕುಲ್‌ಗೆ ವಿರುದ್ಧವಲ್ಲವೆಂದಾದರೆ ಮನಸ್ಸಿನ ನೋವಿಗೆ ಚಿಕಿತ್ಸೆ ಹೇಗೆ ವಿರುದ್ಧವಾದೀತು?

ಹಾಗೆಂದು, ವಿಶ್ವವಿದ್ಯಾನಿಲಯದಲ್ಲಿ ಕಲಿಸುವುದೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕೆಂದಲ್ಲ. ಧರ್ಮವನ್ನು ಭ್ರಮೆಯೆಂದು ಕಂಡ ಫ್ರಾಯ್ಡ್ ಅವರ ವಿಚಾರಗಳೂ ಪಠ್ಯದಲ್ಲಿ ಬರುತ್ತವೆ. ಆದರೆ ಇಂದಿನ ಮನಃಶಾಸ್ತ್ರವೆಂದರೆ ಫ್ರಾಯ್ಡ್ ಮಾತ್ರವಲ್ಲ. ಅವರ ಹಲವು ವಾದಗಳನ್ನು ಆ ಶಾಸ್ತ್ರವೇ ಕೈಬಿಟ್ಟಿದೆ. ಸುಡಾನಿನ ಮನಃಶಾಸ್ತ್ರಜ್ಞ ಮಾಲಿಕ್ ಬದ್ರಿ 1979ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಪಾಶ್ಚಾತ್ಯ ಸಿದ್ಧಾಂತಗಳನ್ನು ಕುರುಡಾಗಿ ಅನುಕರಿಸುವ ಮುಸ್ಲಿಮ್ ಮನಃಶಾಸ್ತ್ರಜ್ಞರನ್ನು ತೀವ್ರವಾಗಿ ಟೀಕಿಸಿದರು. ಆದರೆ ಅವರು ಆ ವಿದ್ಯೆಯನ್ನು ತೊರೆಯಲಿಲ್ಲ. 2021ರಲ್ಲಿ ನಿಧನರಾಗುವವರೆಗೂ ಅದನ್ನೇ ಬೋಧಿಸಿದರು, ಬಲ್ಖಿಯವರ ಗ್ರಂಥವನ್ನು ಇಂಗ್ಲಿಷಿಗೆ ತಂದರು. ಟೀಕಿಸುವುದಕ್ಕೂ ಮೊದಲು ಓದಬೇಕಲ್ಲವೇ? ಬಾಗಿಲ ಹೊರಗೆ ನಿಂತವನು ಮನೆಯನ್ನು ಸರಿಪಡಿಸಲಾರ.

ಈಗ ನಮ್ಮ ವಾಸ್ತವದ ಕಡೆಗೆ ನೋಡೋಣ. 2001ರ ಆಗಸ್ಟ್ 6ರಂದು ಮುಂಜಾನೆ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯಲ್ಲಿ, ದರ್ಗಾದ ಸಮೀಪದ ಆಶ್ರಯಕೇಂದ್ರವೊಂದಕ್ಕೆ ಬೆಂಕಿ ಬಿತ್ತು. 28 ಮಾನಸಿಕ ರೋಗಿಗಳು ಸುಟ್ಟು ಸತ್ತರು. ಅವರನ್ನು ಸಂಕೋಲೆಯಿಂದ ಬಿಗಿದಿದ್ದುದರಿಂದ ಓಡಲಾಗಲಿಲ್ಲ. ಅವರನ್ನು ಅಲ್ಲಿಗೆ ಕರೆತಂದವರು ಶತ್ರುಗಳಲ್ಲ, ಅವರವರ ಮನೆಯವರೇ. ಬೇರೆ ದಾರಿ ಗೊತ್ತಿಲ್ಲದೆ, ಹತ್ತಿರದಲ್ಲಿ ಚಿಕಿತ್ಸೆಯಿಲ್ಲದೆ, ಊರವರ ಬಾಯಿಗೆ ಹೆದರಿ ಬಿಟ್ಟುಹೋದವರು. ಇದು ಒಂದು ಧರ್ಮದವರ ಸಮಸ್ಯೆಯೂ ಅಲ್ಲ, ಅಲ್ಲಿಗೆ ಎಲ್ಲ ಧರ್ಮದವರೂ ಹೋಗುತ್ತಿದ್ದರು. ಆದರೆ ನಾವು ನಮ್ಮ ಮನೆಯ ಲೆಕ್ಕ ಕೇಳೋಣ. ಹೆರಿಗೆಯ ಬಳಿಕ ಮಂಕಾದ ಸೊಸೆಗೆ, ಪರೀಕ್ಷೆಯ ಭಯದಿಂದ ಊಟಬಿಟ್ಟ ಮಗನಿಗೆ, ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದು ಕೋಣೆಯಿಂದ ಹೊರಬಾರದ ಗಂಡನಿಗೆ ನಾವು ಮೊದಲು ಮಾಡುವುದೇನು? ಜಿನ್ನ್ ಬಾಧೆ, ಸಿಹ್ರ್ ಎಂದು ತಾಯತ ಕಟ್ಟಿಸುತ್ತೇವೆ. ಜಿನ್ನ್‌ಗಳ ಅಸ್ತಿತ್ವದಲ್ಲಿ ನಂಬಿಕೆ ನಮ್ಮ ವಿಶ್ವಾಸದ ಭಾಗ. ಆದರೆ ಪ್ರತಿಯೊಂದು ಖಿನ್ನತೆಯೂ ಜಿನ್ನ್ ಬಾಧೆ ಎಂಬುದು ವಿಶ್ವಾಸವಲ್ಲ, ಅದು ಮಂತ್ರವಾದಿಗಳ ಜೇಬು ತುಂಬುವ ವ್ಯಾಪಾರ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಅವರಲ್ಲಿ ಕಾಯಿಲೆಗನುಸಾರ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಈ ಹತ್ತರಲ್ಲೊಬ್ಬರು ನಮ್ಮ ಮಹಲ್ಲಾದಲ್ಲೂ ಇದ್ದಾರೆ, ನಮ್ಮ ಸಫ್‌ನಲ್ಲೂ ನಿಲ್ಲುತ್ತಾರೆ.

ಒಂದು ಉದಾಹರಣೆಯನ್ನು ನೋಡೋಣ. ಕೆಲವರು ವುಝೂ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಕೈ ಒದ್ದೆಯಾಯಿತೋ ಇಲ್ಲವೋ ಎಂಬ ಸಂಶಯ. ನಿಯ್ಯತ್ ಸರಿಯಾಯಿತೋ ಇಲ್ಲವೋ ಎಂದು ತಕ್ಬೀರನ್ನು ಹತ್ತು ಸಲ ಹೇಳುತ್ತಾರೆ. ನಮ್ಮ ವಿದ್ವಾಂಸರು ಇದನ್ನು ‘ವಸ್ವಾಸ್’ ಎಂದು ಕರೆದು, ಸಂಶಯಕ್ಕೆ ಸೊಪ್ಪು ಹಾಕದೆ ಮುಂದುವರಿಯಬೇಕೆಂದು ಶತಮಾನಗಳ ಹಿಂದೆಯೇ ಹೇಳಿದ್ದಾರೆ. ಅದು ಬದುಕನ್ನೇ ಹಿಡಿದು ನಿಲ್ಲಿಸುವಷ್ಟು ಬಲವಾದಾಗ ಆಧುನಿಕ ಮನಃಶಾಸ್ತ್ರ ಅದನ್ನು ಗೀಳು ರೋಗ ಎನ್ನುತ್ತದೆ. ಸಂಶಯ ಹುಟ್ಟಿಸುವ ಸನ್ನಿವೇಶವನ್ನು ಎದುರಿಸುತ್ತಾ, ಮತ್ತೆ ತೊಳೆಯುವುದನ್ನು ತಡೆಹಿಡಿಯುವ ಅಭ್ಯಾಸವೇ ಅದರ ಒಂದು ಮುಖ್ಯ ಚಿಕಿತ್ಸೆ. ಎರಡೂ ಸಲಹೆಗಳು ಎಷ್ಟು ಹತ್ತಿರ! ಆದರೆ ರೋಗಿಗೆ ಇವೆರಡೂ ಒಟ್ಟಿಗೆ ಸಿಗುವುದಿಲ್ಲ. ವುಝೂವಿನ ನಿಯಮ ತಿಳಿಯದ ಚಿಕಿತ್ಸಕರು ಧಾರ್ಮಿಕತೆಯೇ ರೋಗವೆಂದು ಭಾವಿಸಬಹುದು. ರೋಗದ ಲಕ್ಷಣ ತಿಳಿಯದ ಉಸ್ತಾದರು ಇದನ್ನು ಅತಿಯಾದ ಭಕ್ತಿ ಅಥವಾ ಶೈತಾನನ ಕಾಟ ಎಂದಷ್ಟೇ ಹೇಳಿ ಕಳುಹಿಸಬಹುದು. ಎರಡನ್ನೂ ಬಲ್ಲ ಒಬ್ಬಳು ಹೆಣ್ಮಗಳು ಊರಿನಲ್ಲಿದ್ದರೆ ಎಷ್ಟು ಮಂದಿಯ ನಮಾಝ್ ಹಗುರವಾದೀತು ಎಂದು ಯೋಚಿಸಿ.

ಭಾಷೆಯ ವಿಷಯವೂ ಅಷ್ಟೇ ಮುಖ್ಯ. ಜ್ವರವನ್ನು ಥರ್ಮಾಮೀಟರ್ ಹೇಳುತ್ತದೆ, ಮನಸ್ಸಿನ ನೋವನ್ನು ನಾಲಗೆಯೇ ಹೇಳಬೇಕು. ನಮ್ಮ ತಾಯಂದಿರು ಅಳುವುದು ಬ್ಯಾರಿಯಲ್ಲಿ, ದಖನಿಯಲ್ಲಿ, ನವಾಯತಿಯಲ್ಲಿ, ಮಲಯಾಳಂನಲ್ಲಿ. ಪರ ಪುರುಷರ ಮುಂದೆ, ಪರಿಚಯವಿಲ್ಲದ ಭಾಷೆಯಲ್ಲಿ, ಮಗನನ್ನೋ ಗಂಡನನ್ನೋ ದುಭಾಷಿಯಾಗಿ ಕೂರಿಸಿಕೊಂಡು ಒಬ್ಬ ತಾಯಿ ತನ್ನ ಒಳಗಿನದನ್ನು ಹೇಗೆ ಹೇಳಿಯಾಳು? ಕೆಲವೊಮ್ಮೆ ಹೇಳಬೇಕಾಗಿರುವುದು ಆ ಗಂಡನ ಬಗ್ಗೆಯೇ ಆಗಿರುತ್ತದೆ.

ಸಮುದಾಯವು ಎದುರಿಸುತ್ತಿರುವ ರಾಜಕೀಯ ಸನ್ನಿವೇಶವನ್ನೂ ಇಲ್ಲಿ ಮರೆಯುವಂತಿಲ್ಲ. 2022ರಲ್ಲಿ ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲ್ಪಟ್ಟ ಹೆಣ್ಮಕ್ಕಳ ಮನಸ್ಸಿನಲ್ಲಿ ಆ ದಿನಗಳು ಏನನ್ನು ಉಳಿಸಿವೆ ಎಂದು ನಾವು ಕೇಳಿದ್ದೇವೆಯೇ? ಗುಂಪು ಹಲ್ಲೆಯ ವೀಡಿಯೊಗಳನ್ನು ನೋಡುತ್ತಾ ಬೆಳೆಯುವ ಮಕ್ಕಳ ನಿದ್ದೆಯ ಬಗ್ಗೆ? ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಅನ್ಯಾಯದಿಂದ ಹುಟ್ಟಿದ ಭಯಕ್ಕೆ ನ್ಯಾಯವೇ ಮದ್ದು. ಮನೆ ಕಳೆದುಕೊಂಡವನಿಗೆ ‘ಹೊಂದಿಕೊಂಡು ಹೋಗು’ ಎಂದು ಕಲಿಸುವುದು ಮನಃಶಾಸ್ತ್ರವಲ್ಲ, ಅದು ಅನ್ಯಾಯದ ಪರ ವಕಾಲತ್ತು. ಆಪ್ತ ಸಮಾಲೋಚನೆಯು ನ್ಯಾಯಕ್ಕೆ ಪರ್ಯಾಯವಾಗದು. ಆದರೆ ನ್ಯಾಯಕ್ಕಾಗಿ ಹೋರಾಡುವವನು ಕುಸಿದು ಬೀಳದಂತೆ ಹಿಡಿದು ನಿಲ್ಲಿಸಬಲ್ಲದು.

ಉನ್ನತ ಶಿಕ್ಷಣದಲ್ಲಿ ನಾವೆಲ್ಲಿದ್ದೇವೆ? ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ರಲ್ಲಿ ಒಬ್ಬರು, ಸ್ನಾತಕೋತ್ತರ ತರಗತಿಗಳಲ್ಲಿ 50ರಲ್ಲಿ ಒಬ್ಬರು ಮಾತ್ರ ಮುಸ್ಲಿಮರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 14.2. ಆದರೆ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಪಾಲು ಕೇವಲ ಶೇ. 4.6. ಇದರ ಮೇಲೆ, ಸಂಶೋಧನಾ ವಿದ್ಯಾರ್ಥಿಗಳಿಗೆ ನೆರವಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ನಿಲ್ಲಿಸಲಾಗುತ್ತಿದೆಯೆಂದು 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಪ್ರಕಟಿಸಿತು. ಸರಕಾರ ಬಾಗಿಲು ಮುಚ್ಚುವಾಗ ಪ್ರತಿಭಟಿಸುವ ನಾವು, ಮನೆಯೊಳಗಿನಿಂದ ಚಿಲಕ ಹಾಕುವುದು ಎಷ್ಟು ಸರಿ?

ಉದ್ಯೋಗದ ಚಿಂತೆ ಸಹಜವೇ. ಅದಕ್ಕೂ ಉತ್ತರವಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯನ್ನು ಪ್ರಜೆಯ ಹಕ್ಕಾಗಿಸಿತು, ರೋಗಿಗಳನ್ನು ಸಂಕೋಲೆಯಲ್ಲಿ ಬಂಧಿಸುವುದನ್ನು ನಿಷೇಧಿಸಿತು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಪರಿಗಣಿಸಬೇಕೆಂದಿತು. 2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಆರಂಭವಾಯಿತು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರು. ಈ ಹಿನ್ನೆಲೆಯಲ್ಲಿ 2025ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನಾದರೂ ನೇಮಿಸಬೇಕೆಂದು ನಿರ್ದೇಶನ ನೀಡಿತು. ನಮ್ಮ ಸಮುದಾಯ ನಡೆಸುವ ಶಾಲೆ, ಕಾಲೇಜುಗಳಿಗೂ ಇದು ಅನ್ವಯವಾಗುತ್ತದೆ. ಅಲ್ಲಿಗೆ ಯಾರನ್ನು ನೇಮಿಸುತ್ತೇವೆ?

ದಾರಿ ಮಾತ್ರ ದೀರ್ಘವಾದದ್ದು, ಅದನ್ನು ಮುಚ್ಚಿಡಬಾರದು. ಮೊದಲು ಮನಃಶಾಸ್ತ್ರ ಒಂದು ವಿಷಯವಾಗಿರುವ ಬಿಎ ಅಥವಾ ಬಿಎಸ್ಸಿ, ಬಳಿಕ ಎರಡು ವರ್ಷದ ಎಂಎ ಅಥವಾ ಎಂಎಸ್ಸಿ. ಬಿಎ ಸೇರಲು ಪಿಯುಸಿಯಲ್ಲಿ ವಿಜ್ಞಾನ ಓದಿರಲೇಬೇಕೆಂದಿಲ್ಲ. ಸ್ನಾತಕೋತ್ತರ ಪದವಿಯ ನಂತರ ಶಾಲಾ ಸಮಾಲೋಚಕರಾಗಿ ದುಡಿಯಬಹುದು. ಆದರೆ ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಃಶಾಸ್ತ್ರಜ್ಞರಾಗಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆ ಪಡೆದ ತರಬೇತಿ ಮತ್ತು ನೋಂದಣಿ ಬೇಕು. ಬಹುಕಾಲ ಅದು ಎರಡು ವರ್ಷದ ಎಂಫಿಲ್ ಆಗಿತ್ತು. ಎಂಫಿಲ್ ಪದವಿಯನ್ನೇ ಕೈಬಿಟ್ಟ ಯುಜಿಸಿ, ಈ ವಿಷಯಕ್ಕೆ 2025-26ರವರೆಗೆ ವಿನಾಯಿತಿ ಕೊಟ್ಟಿತು. ಪಠ್ಯಕ್ರಮಗಳು ಬದಲಾಗುತ್ತಿರುವ ಕಾಲವಿದು. ಆದ್ದರಿಂದ ಸೇರುವ ಮುನ್ನ ಆ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮನೆಯಲ್ಲೇ ಕುಳಿತು ಅಂಚೆ ಮೂಲಕ ಓದಿಸೋಣವೆಂದು ಯೋಚಿಸುವ ಹೆತ್ತವರು ಗಮನಿಸಬೇಕಾದ ಸಂಗತಿಯೊಂದಿದೆ. 2025ರ ಆಗಸ್ಟ್‌ನಲ್ಲಿ ಯುಜಿಸಿ, ಆ ಶೈಕ್ಷಣಿಕ ಅವಧಿಯಿಂದ ಮನಃಶಾಸ್ತ್ರವನ್ನು ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ಬೋಧಿಸಬಾರದೆಂದು ನಿರ್ದೇಶಿಸಿತು. ಮೂರು ತಿಂಗಳ ಸರ್ಟಿಫಿಕೇಟ್ ಪಡೆದು ‘ಕೌನ್ಸೆಲರ್’ ಎಂದು ಬೋರ್ಡು ಹಾಕುವವರಿಂದಲೂ ದೂರವಿರಿ. ಅರೆ ವೈದ್ಯ ಜೀವಕ್ಕೆ ಅಪಾಯವಾದರೆ ಅರೆ ಸಮಾಲೋಚಕ ಸಂಸಾರಕ್ಕೇ ಅಪಾಯ.

ವಿದ್ಯಾರ್ಥಿಗಳಿಗೂ ಎರಡು ಮಾತು. ಇತರರ ಮನಸ್ಸನ್ನು ಓದಿಬಿಡುವ ಮಾಯಾವಿದ್ಯೆ ಇದಲ್ಲ. ಸಂಖ್ಯಾಶಾಸ್ತ್ರ ಬರುತ್ತದೆ, ಪ್ರಯೋಗ ಬರುತ್ತದೆ, ಇಂಗ್ಲಿಷ್ ಗ್ರಂಥಗಳನ್ನು ಓದುವ ಶ್ರಮವಿದೆ. ಕೆಲವರು ತಮ್ಮದೇ ನೋವನ್ನು ಅರಿಯಲು ಇದನ್ನು ಆರಿಸುತ್ತಾರೆ. ಅದರಲ್ಲಿ ನಾಚಿಕೆಯಿಲ್ಲ. ಆದರೆ ಪದವಿಯು ಚಿಕಿತ್ಸೆಯಲ್ಲ. ನಿಮಗೆ ನೋವಿದ್ದರೆ ಮೊದಲು ನೀವು ನೆರವು ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾದುದು ಗುಟ್ಟು ಕಾಯುವ ಗುಣ. ಈ ವೃತ್ತಿಯ ನೀತಿಸಂಹಿತೆ ಬಯಸುವ ಗೌಪ್ಯತೆಯನ್ನು ನಮ್ಮ ದೀನ್ ‘ಅಮಾನತ್’ ಎನ್ನುತ್ತದೆ. ಗೀಬತ್ ಅನ್ನು ಘೋರ ಪಾಪವೆಂದು ಚಿಕ್ಕಂದಿನಿಂದಲೇ ಕಲಿತವರಿಗೆ ಈ ವೃತ್ತಿಯ ಮೊದಲ ಪಾಠ ಮದ್ರಸದಲ್ಲೇ ಆಗಿರುತ್ತದೆ.

ಕೊನೆಯದಾಗಿ ಜಮಾಅತ್ ಕಮಿಟಿಗಳ ಹೊಣೆ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಎಂಬ ಯೋಜನೆಯಡಿ ಪ್ರಾರ್ಥನೆಗೆ ಬಂದ ರೋಗಿಗಳನ್ನು ಅಲ್ಲಿನ ಮುಜಾವರರೇ ಮನೋವೈದ್ಯರ ಬಳಿಗೆ ಕಳುಹಿಸುವ ಪರಿಪಾಠ ಬೆಳೆದಿದೆ. ಪ್ರಾರ್ಥನೆಯನ್ನು ಬಿಡಿಸಲಿಲ್ಲ, ಮದ್ದನ್ನು ಸೇರಿಸಿದರು. ನಮ್ಮ ಮಸೀದಿಗಳಲ್ಲಿ ಇದು ಏಕೆ ಸಾಧ್ಯವಿಲ್ಲ? ತಲಾಖ್, ಖುಲಾ ಪ್ರಕರಣಗಳು ಕಮಿಟಿಯ ಮುಂದೆ ಬಂದಾಗ ತೀರ್ಪಿಗೆ ಮೊದಲು ತರಬೇತಿ ಪಡೆದ ಒಬ್ಬ ಮಹಿಳೆ ಆ ಹೆಣ್ಣಿನ ಮಾತು ಕೇಳುವಂತಾಗಬೇಡವೇ? ಮದುವೆ ಹಾಲ್‌ಗೆ ಹರಿದು ಬರುವ ದೇಣಿಗೆಯ ಸಣ್ಣ ಪಾಲಿನಿಂದ ಪ್ರತಿ ತಾಲೂಕಿಗೆ ಒಬ್ಬರಂತೆ ಮನಃಶಾಸ್ತ್ರದ ವಿದ್ಯಾರ್ಥಿಯನ್ನು ಓದಿಸಲು ನಮ್ಮಿಂದ ಆಗದೇ?

ಹೆತ್ತವರೇ, ನಿಮ್ಮ ಮಗಳು ಈ ವಿಷಯವನ್ನು ಬಯಸಿದಾಗ ಆಕೆ ಕೇಳುತ್ತಿರುವುದು ಇತರರ ಸಂಕಟವನ್ನು ಆಲಿಸುವ ಅರ್ಹತೆಯನ್ನು. ಬೇಡವೆನ್ನುವ ಮುನ್ನ ಅವಳನ್ನು ಎದುರಿಗೆ ಕೂರಿಸಿ, ಏಕೆ ಎಂದು ಕೇಳಿ, ಪೂರ್ತಿಯಾಗಿ ಆಲಿಸಿ. ಇಷ್ಟು ಮಾಡಿದರೂ ಸಾಕು, ಮನಃಶಾಸ್ತ್ರದ ಮೊದಲ ಪಾಠವನ್ನು ನೀವೂ ಕಲಿತಂತಾಯಿತು. ಉಪಕಾರಿಯಾದ ಜ್ಞಾನವನ್ನು ನಮ್ಮ ಮಕ್ಕಳಿಗೂ, ಅದನ್ನು ಒಪ್ಪುವ ವಿಶಾಲತೆಯನ್ನು ನಮಗೂ ಅಲ್ಲಾಹನು ಕರುಣಿಸಲಿ. ಆಮೀನ್.